ಹಫೀಜಾಳ ಮೂವತ್ತಾರು ಫೋಟೋ

ಚಿಂತಾಮಣಿ ಬಸ್‌ಸ್ಟ್ಯಾಂಡಿನ ಹಿಂದೆ ಸ್ಟುಡಿಯೋ ಇಟ್ಟಿದ್ದ ವಜೀರನ ಕೈ ಎಷ್ಟು ಒಳ್ಳೆಯದೋ ನಾಲಿಗೆ ಅಷ್ಟೇ ಹರಿತ. ಕರೆದ ಮನೆಯವರನ್ನೂ ಬಿಡುವವನಲ್ಲ. "ಮದುಮಗನ್ನ ಸ್ವಲ್ಪ ನಗ್ಸ್ರಪ್ಪ, ಜೈಲಿಗೆ ಹೋಗೋನ ಹಂಗೆ ನಿಂತವ್ನೆ" ಅನ್ನುತ್ತಿದ್ದ. ಬೈಸಿಕೊಂಡೂ ಜನ ಅವನನ್ನೇ ಕರೆಯುತ್ತಿದ್ದರು, ಫೋಟೋ ಅಷ್ಟು ಚೆನ್ನಾಗಿ ಬರುತ್ತಿತ್ತು.

ಎದುರು ಸಾಲಿನ ನಲ್ಲಪ್ಪನೂ ಫೋಟೋ ತೆಗೆಯುವವನೇ, ಪಾಪ. ಎಂಬತ್ತಮೂರನೇ ಇಸವಿಯಲ್ಲಿ ಒಂದು ಮದುವೆಗೆ ಹೋದವನು ಕ್ಯಾಮೆರಾದೊಳಗೆ ಫಿಲ್ಮಿನ ತುದಿಯನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ. ಧಾರೆಯಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಬಟನ್ ಒತ್ತಿದ್ದೇ ಒತ್ತಿದ್ದು, ಫಿಲ್ಮು ಮಾತ್ರ ಇದ್ದಲ್ಲಿಂದ ಕದಲಿರಲಿಲ್ಲ. ತೊಳೆದಾಗ ಕೈಗೆ ಬಂದದ್ದು ಗಾಜಿನಂಥ ಖಾಲಿ ಪಟ್ಟಿ. ವಜೀರ್ ಟೀ ಅಂಗಡಿಯಲ್ಲಿ ನಿಂತು ಒಂದು ತಿಂಗಳು ಅದನ್ನೇ ಆಡಿಕೊಂಡ. "ನಲ್ಲಪ್ಪಣ್ಣ, ಗಾಳಿ ಮದ್ವೇದು ಫೋಟೋ ತೆಗುದ್ರಂತೆ, ನಮಗೂ ಒಂದು ಕಾಪಿ ಕೊಡಿ!" ನಲ್ಲಪ್ಪ ಆ ಅಂಗಡಿಗೆ ಬರುವುದನ್ನೇ ಬಿಟ್ಟ.

ಮರುವರ್ಷ ರಂಜಾನ್ ಹಬ್ಬದ ದಿನ ವಜೀರನ ಹೆಂಡತಿ ಹಫೀಜಾ ಹಸಿರು ಸೀರೆ ಉಟ್ಟು ಹಿತ್ತಲ ದಾಳಿಂಬೆ ಗಿಡದ ಹತ್ತಿರ ಬಂದು ನಿಂತಳು. ಮಕ್ಕಳಿಲ್ಲದ ಮನೆ, ಇದ್ದವರು ಇಬ್ಬರೇ. "ಊರಿನವರನ್ನೆಲ್ಲ ಗೋಡೆಗೆ ಹತ್ತಿಸಿದಿರಿ. ನಾನೊಬ್ಬಳು ನಿಮ್ಮ ಕಣ್ಣಿಗೆ ಬೀಳಲಿಲ್ಲ, ಅಲ್ವಾ?" ಎಂದಳು ಮನೆಮಾತಾದ ಉರ್ದುವಿನಲ್ಲಿ. ವಜೀರನಿಗೆ ಅದೇನು ಹುಮ್ಮಸ್ಸು ಬಂತೋ, ಮೂವತ್ತಾರು ಫೋಟೋದ ಹೊಸ ರೋಲು ಒಡೆದು ಗಡಿಬಿಡಿಯಲ್ಲಿ ಕ್ಯಾಮೆರಾಕ್ಕೆ ಹಾಕಿ, "ಮೂವತ್ತಾರೂ ನಿನಗೇ" ಎಂದ. ಗಿಡದ ಪಕ್ಕ ಒಂದು, ಬಾವಿಕಟ್ಟೆಯ ಮೇಲೆ ಒಂದು, ಶಾವಿಗೆ ಪಾಯಸದ ಬಟ್ಟಲು ಹಿಡಿದು ಒಂದು. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಕೊಂಚ ಸಣ್ಣದಾಗುತ್ತಿತ್ತು. ಕ್ಯಾಮೆರಾದ ಅಂಕಿ ಮೂವತ್ತೆಂಟು ದಾಟಿದರೂ ಫಿಲ್ಮು ಸರಿಸುವ ಲಿವರ್ ಸಲೀಸಾಗಿ ತಿರುಗುತ್ತಲೇ ಇತ್ತು. ಆಗಲಾದರೂ ಅನುಮಾನ ಬರಬೇಕಿತ್ತು, ಆದರೆ ಅವನು ಅಂಕಿಯನ್ನೆಲ್ಲಿ ನೋಡುತ್ತಿದ್ದ?

ಮರುದಿನ ಕತ್ತಲೆಕೋಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದ. ಅದೇ ಗಾಜಿನಂಥ ಪಟ್ಟಿ. ಹೇಳಿದ್ದರೆ ಹಫೀಜಾ ಹೊಟ್ಟೆ ಹಿಡಿದು ನಗುತ್ತಿದ್ದಳು, ಇನ್ನೊಂದು ಸಲ ಸೀರೆ ಉಟ್ಟು ನಿಲ್ಲುತ್ತಿದ್ದಳು, ಅಷ್ಟೇ. ಆದರೆ ಪಕ್ಕದ ಮನೆಯವರಿಗೆ ಹೇಳದೆ ಇರುತ್ತಿದ್ದಳೇ? ಅಲ್ಲಿಂದ ಟೀ ಅಂಗಡಿಗೆ, ಟೀ ಅಂಗಡಿಯಿಂದ ನಲ್ಲಪ್ಪನ ಕಿವಿಗೆ ಎಷ್ಟು ಹೊತ್ತು? ಪಟ್ಟಿಯನ್ನು ಒಲೆಗೆ ಹಾಕಿ ಬಂದು, "ತುಂಬಾ ಚೆನ್ನಾಗಿ ಬಂದಿದೆ. ಆಳೆತ್ತರಕ್ಕೆ ದೊಡ್ಡದು ಮಾಡಿಸೋಕೆ ಬೆಂಗಳೂರಿಗೆ ಕಳಿಸಿದೀನಿ" ಎಂದುಬಿಟ್ಟ.

ಹಫೀಜಾ ವಾರಕ್ಕೊಮ್ಮೆ ಕೇಳಿದಳು, ಆಮೇಲೆ ತಿಂಗಳಿಗೊಮ್ಮೆ. ಕೊನೆಗೆ ಕೇಳುವುದನ್ನೇ ಬಿಟ್ಟಳು. ಇನ್ನೊಮ್ಮೆ ತೆಗೆಯೋಣವೆಂದರೆ ಮೊದಲನೆಯದು ಏನಾಯಿತೆಂದು ಹೇಳಬೇಕಲ್ಲ, ಅದಕ್ಕೆ ಅವನಿಗೆ ಬಾಯಿ ಬರಲಿಲ್ಲ.

ಎಂಬತ್ತೇಳರಲ್ಲಿ ಮಂಡಿಕಲ್ಲಿನಿಂದ ಆವಲಪ್ಪ ಬಂದು ವಜೀರನನ್ನು ತನ್ನೂರಿಗೆ ಕರೆದುಕೊಂಡು ಹೋದ. ಅವನ ತಾಯಿ ಚಿಕ್ಕವೆಂಕಟಮ್ಮ ತೀರಿಕೊಂಡಿದ್ದಳು. ಬದುಕಿದ್ದಾಗ ಒಂದು ಫೋಟೋನೂ ತೆಗೆಸಿರಲಿಲ್ಲ. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಫೋಟೋ ತೆಗೆಸಿದರು. "ಸಾಬ್ರೇ, ಕಣ್ಣು ಬಿಟ್ಕಂಡಿರಂಗೆ ಮಾಡ್ಕೊಡಿ" ಎಂದ ಆವಲಪ್ಪ. ವಜೀರ್ ಇಂಥ ಕೆಲಸ ಎಷ್ಟೋ ಮಾಡಿದ್ದ. ದೊಡ್ಡ ಪ್ರಿಂಟು ಹಾಕಿ, ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆಯುವುದು. ಆದರೆ ಈ ಮುದುಕಿಯ ಕಣ್ಣು ಮೂರು ಸಲ ಬರೆದರೂ ಗೊಂಬೆಯ ಕಣ್ಣಾಯಿತು. ಬೇಸತ್ತು ಹಫೀಜಾಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ನೋಡಿಕೊಂಡು ಬರೆಯತೊಡಗಿದ.

"ಕಣ್ಣು ಮಾತ್ರ ಸಾಕಾ? ಮಿಕ್ಕ ಮುಖ ಬೆಂಗಳೂರಲ್ಲೇ ಇರಲಿ ಅಂತಲಾ?" ಎಂದು ಹಫೀಜಾ ನಕ್ಕಳು. ಕ್ಯಾಮೆರಾ ಮೇಜಿನ ಮೇಲೇ ಇತ್ತು, ಒಳಗೆ ಫಿಲ್ಮೂ ಇತ್ತು. ವಜೀರ್ ತಲೆಯೆತ್ತಲಿಲ್ಲ. "ಅಲ್ಲಾಡಬೇಡ, ಸುಮ್ನೆ ಕೂತ್ಕೋ" ಎಂದು ಗದರಿದ.

ತೊಂಬತ್ತೊಂದರಲ್ಲಿ ಹಫೀಜಾಳಿಗೆ ಕಾಮಾಲೆ ಹಿಡಿಯಿತು. ಹದಿನೆಂಟು ದಿನ, ಅಷ್ಟೇ. ಊರಿನ ಹೆಣಗಳನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದವನು ತನ್ನ ಹೆಂಡತಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತುವಾಗ ಬರಿಗೈಯಲ್ಲಿ ನಿಂತಿದ್ದ. ಅವರ ಮನೆಗಳಲ್ಲಿ ಆ ಪದ್ಧತಿ ಇರಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಹಳೆಯ ನೆಗೆಟಿವ್ ಡಬ್ಬಗಳನ್ನೆಲ್ಲ ಸುರಿದುಕೊಂಡು, ಯಾವುದಾದರೂ ಮದುವೆಯ ಮೂಲೆಯಲ್ಲಿ ಅವಳ ಮುಖ ಸಿಕ್ಕೀತೇ ಎಂದು ಆರು ತಿಂಗಳು ಹುಡುಕಿದ. ಸಾವಿರ ಮುಖ ಸಿಕ್ಕವು, ಹಫೀಜಾ ಇರಲಿಲ್ಲ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಒಬ್ಬನೇ ಬೇಯಿಸಿಕೊಂಡು, ಒಬ್ಬನೇ ತಿಂದು, ದಾಳಿಂಬೆ ಗಿಡದ ಕಡೆ ಬೆನ್ನು ಮಾಡಿ ಕೂರುತ್ತಿದ್ದ. ಹೆಚ್ಚು ಹೆದರಿಕೆಯಾದದ್ದು ಅವಳ ಮುಖ ನಿಧಾನವಾಗಿ ಮರೆತುಹೋಗುತ್ತಿದ್ದುದಕ್ಕೆ. ಆಗ ನೆನಪಾಯಿತು ಮಂಡಿಕಲ್ಲು.

ಆವಲಪ್ಪ ತೋಟಕ್ಕೆ ಹೋಗಿದ್ದ. ಹೆಂಡತಿ ಅಶ್ವತ್ಥಮ್ಮ ಚಾಪೆ ಹಾಕಿ ಕಾಫಿ ಕೊಟ್ಟಳು. ಗೋಡೆಯ ಮೇಲೆ ಕುಂಕುಮ ಇಟ್ಟ ಗಾಜಿನ ಹಿಂದೆ ಚಿಕ್ಕವೆಂಕಟಮ್ಮ. ಆ ಸುಕ್ಕು ಮುಖದೊಳಗಿಂದ ಹಫೀಜಾ ನೋಡುತ್ತಿದ್ದಳು. ಎಡಗಣ್ಣು ಕೊಂಚ ಸಣ್ಣದು.

"ಇದರದ್ದೊಂದು ಫೋಟೋ ತೆಕ್ಕೊಂಡು ಹೋಗ್ಲಾ ತಾಯಿ?"

"ಅಯ್ಯೋ ತಗೊಳಿ ಸಾಬ್ರೇ, ಅದಕ್ಕೇನು! ಥೇಟ್ ನಮ್ಮತ್ತೆ ಕಣ್ಣೇ ಇಳ್ಸಿದೀರಿ. ಎಡಗಣ್ಣು ಒಂಚೂರು ಸಣ್ಣದು ನೋಡಿ, ಅವರಿಗೂ ಹಂಗೇ ಇತ್ತು. ದಿನಾ ಬೆಳಿಗ್ಗೆ ಆ ಕಣ್ಣಿಗೆ ಕೈಮುಗುದೇ ನಾನು ಒಲೆ ಹಚ್ಚೋದು."

ಇವು ನಿಮ್ಮತ್ತೆಯ ಕಣ್ಣಲ್ಲ, ನನ್ನ ಹೆಂಡತಿಯವು ಅನ್ನುವ ಮಾತು ಗಂಟಲವರೆಗೆ ಬಂತು. ಹರಿತ ನಾಲಿಗೆಯ ವಜೀರ್ ಅದನ್ನು ನುಂಗಿಕೊಂಡ. ಅಶ್ವತ್ಥಮ್ಮ ಪಟ ಇಳಿಸಿ, ಸೆರಗಿನಿಂದ ಗಾಜು ಒರೆಸಿ, ಜಗುಲಿಯ ಬೆಳಕಿಗಿಟ್ಟಳು. ಲಿವರ್ ತಿರುಗಿಸುವಾಗ ಫಿಲ್ಮು ನಿಜಕ್ಕೂ ಮುಂದೆ ಹೋಗುತ್ತಿದೆಯೇ ಎಂದು ಅವನು ಎರಡು ಸಲ ನೋಡಿಕೊಂಡ. ಹೋಗುತ್ತಿತ್ತು.

ಮನೆಗೆ ಬಂದು ಕತ್ತಲೆಕೋಣೆ ಹೊಕ್ಕು, ಕಣ್ಣಷ್ಟನ್ನೇ ದೊಡ್ಡದು ಮಾಡಿ ಕಾಗದವನ್ನು ತಟ್ಟೆಯ ಕೆಮಿಕಲ್ ನೀರಿಗೆ ಬಿಟ್ಟ. ಕೆಂಪು ದೀಪದಡಿ ಮೊದಲು ರೆಪ್ಪೆ ಬಂತು, ಆಮೇಲೆ ಗುಡ್ಡೆ, ಆಮೇಲೆ ಆ ನಗು. ಮಿಕ್ಕ ಮುಖವಿಲ್ಲ. ವಜೀರ್ ತಟ್ಟೆಯ ಮೇಲೆ ಬಾಗಿದ.

"ಬೆಂಗಳೂರಿಗೆ ಏನೂ ಕಳಿಸಿರಲಿಲ್ಲ, ಹಫೀಜಾ" ಎಂದ. "ಫಿಲ್ಮು ಸಿಕ್ಕಿಸೋದ್ರಲ್ಲಿ ನಾನೇ ತಪ್ಪಿದೆ. ಒಂದೂ ಬಂದಿರಲಿಲ್ಲ."