ಆ ಡಬ್ಬಿಯಲ್ಲಿ ನಿನ್ನ ಅಪ್ಪನಿಲ್ಲ

ಸ್ಟೆಲ್ಲಾ, ನಾನು ನಿನಗೆ ಕೊಟ್ಟ ಟೇಪಿನಲ್ಲಿ ನಿನ್ನ ಅಪ್ಪನ ಸ್ಯಾಕ್ಸೊಫೋನ್ ಇಲ್ಲ. ಅದನ್ನು ಅಳಿಸಿದವನು ನಾನು. ನಿಮ್ಮ ಮನೆಗೆ ಟೇಪ್ ಮಷೀನು ಬಂದಿದೆ, ಭಾನುವಾರ ನೆಂಟರೆಲ್ಲ ಕೂತು ಕೇಳುತ್ತೇವೆ ಎಂದು ಬರೆದಿದ್ದೀಯ — ಅದಕ್ಕೂ ಮೊದಲು ಈ ಕಾಗದ ನಿನ್ನ ಕೈಸೇರಬೇಕು.

ನಿನ್ನ ಅಪ್ಪ ಪೀಟರ್ ಹತ್ತಿ ಗಿರಣಿಯಲ್ಲಿ ಫಿಟ್ಟರ್. ಶನಿವಾರ ಸಂಜೆ ಕ್ಲಬ್ಬಿನ ಡಾನ್ಸಿಗೆ ಜಾಝ್ ನುಡಿಸುತ್ತಿದ್ದ. ಉಳಿದ ಆರು ದಿನ ಆ ಸಂಜೆಗಾಗಿ ಕಾಯುತ್ತಿದ್ದ. ಒಂದು ಮಧ್ಯಾಹ್ನ ದುರ್ಗದಬೈಲಿನ ನನ್ನ ಲೌಡ್‌ಸ್ಪೀಕರ್ ಅಂಗಡಿಗೆ ಬಂದು, ತಾನೇ ಕಟ್ಟಿದ ಧಾಟಿಯೊಂದನ್ನು ಟೇಪಿಗೆ ನುಡಿಸಿದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು.

"ಬಸಣ್ಣ, ಇದನ್ನ ಮುಂಬಯಿಗೆ ಕಳಸ್ತೇನಿ. ಹೋಟೆಲ್ ಬ್ಯಾಂಡಿನವ್ರು ಕರದ್ರ, ನಿನ್ನ ಲೌಡ್‌ಸ್ಪೀಕರ್ ಭೋಂಗಾಕ್ಕ ಸಲಾಂ ಹೊಡದು ಹೋಗ್ತೇನಿ ನೋಡು! ವಿಳಾಸ ತರೂತನಕ ನಿನ್ನ ಹತ್ರ ಇರಲಿ."

ಟೇಪಿನ ಡಬ್ಬಿಯ ಮೇಲೆ ತನ್ನ ಹೆಸರನ್ನು ತಾನೇ ಬರೆದ.

ಎರಡು ದಿನ ಬಿಟ್ಟು ಕಾಳಿನ ವ್ಯಾಪಾರಿಯೊಬ್ಬರ ಮನೆಯ ಮದುವೆ. ಮಂತ್ರ, ಸನಾದಿ ಎಲ್ಲ ಟೇಪಾಗಬೇಕೆಂದರು. ಖಾಲಿ ಟೇಪಿರಲಿಲ್ಲ. ಹಳೆಯದರ ಮೇಲೆ ಹೊಸದನ್ನು ತುಂಬುವುದು ನಮ್ಮ ರೂಢಿ — ರೂಢಿ ಎಂದು ಬರೆದು ಕೈ ನಿಂತಿತು. ಯಾರದ್ದೆಂದು ಗೊತ್ತಿದ್ದೇ ಮಷೀನಿಗೆ ಏರಿಸಿದೆ. ಪೀಟರ್ ನಾಳೆಯೂ ನುಡಿಸಬಲ್ಲ, ಮದುವೆ ಮತ್ತೆ ಆಗುವುದಿಲ್ಲ — ಹಾಗೆಂದುಕೊಂಡೆ. ಆ ಮನೆಯವರು ಒಮ್ಮೆ ಕೇಳಿ ಟೇಪು ಮರಳಿಸಿದರು.

ಅದೇ ವಾರ ಗಿರಣಿಯ ಬೆಲ್ಟಿಗೆ ಸಿಕ್ಕು ಅವನ ಬಲಗೈಯ ಮೂರು ಬೆರಳು ಹೋದವು.

ಆಸ್ಪತ್ರೆಯಲ್ಲಿ ನನ್ನನ್ನು ಕಂಡೊಡನೆ ಕೇಳಿದ: "ಟೇಪ್ ಐತಿಲ್ಲೋ?"

"ಐತಿ," ಎಂದೆ.

ಮುಂಬಯಿ ಮಾತು ಬಿಟ್ಟ. ಒಮ್ಮೆ ಕೇಳಿಸು ಎಂದು ಬಂದಾಗೆಲ್ಲ ಮಷೀನು ಕೆಟ್ಟಿದೆ ಎಂದೆ. ವರ್ಷಗಟ್ಟಲೆ. ಕೊನೆಗೊಂದು ದಿನ ಅವನೇ ನನ್ನ ಭುಜ ತಟ್ಟಿದ.

"ಹೋಗ್ಲಿ ಬಿಡೋ. ಸ್ಟೆಲ್ಲಾ ದೊಡ್ಡಾಕಿ ಆದ ಮ್ಯಾಲ ಕೇಳಲಿ. ಅಪ್ಪ ಬರೇ ಗಿರಣ್ಯಾಗ ಇರ್ಲಿಲ್ಲಂತ ಗೊತ್ತಾಗ್ಲಿ."

ಆಗಲಾದರೂ ಹೇಳಬಹುದಿತ್ತು.

ಅವನನ್ನು ಮಣ್ಣು ಮಾಡಿದ ಮೂರನೆಯ ದಿನ ನೀನು ಬಂದೆ. "ಕಾಕಾ, ಅಪ್ಪಂದು ಟೇಪ್ ಕೊಡ್ರಿ," ಎಂದೆ. ಕೊಟ್ಟೆ. ನೀನು ಡಬ್ಬಿಯನ್ನು ಕಣ್ಣಿಗೊತ್ತಿಕೊಂಡೆ — ನಾನು ನೋಡುತ್ತ ನಿಂತಿದ್ದೆ.

ಹಿಂದಿನ ದಿನವೇ ಅದನ್ನು ಕೊನೆಯವರೆಗೂ ಹಚ್ಚಿ ಕೇಳಿದ್ದೆ. ಮದುವೆ ಅವನ ಧಾಟಿಗಿಂತ ಉದ್ದವಾಗಿತ್ತು. ಅವನ ಒಂದು ಉಸಿರೂ ಉಳಿದಿರಲಿಲ್ಲ. ಆ ಧಾಟಿಯನ್ನಾದರೂ ಗುನುಗಿ ತೋರಿಸೋಣವೆಂದರೆ, ನನಗೆ ಅದರ ಮೊದಲ ಸ್ವರವೂ ನೆನಪಿಲ್ಲ.

ಡಬ್ಬಿಯ ಮೇಲಿನ ಅಕ್ಷರ ಮಾತ್ರ ಅವನದು. ಒಳಗಿರುವುದು ಯಾರದೋ ಮದುವೆ. ಭಾನುವಾರ ಯಾರನ್ನೂ ಕರೆಯಬೇಡ, ತಾಯಿ.