ಪಕ್ಷವಿಲ್ಲದವನ ಕುರ್ಚಿ

ನಮ್ಮ ಯಜಮಾನರು ಎವಾರಿಸ್ತೊ ರೋಮಿನ ಒಂದು ಸಚಿವಾಲಯದಲ್ಲಿ ಮಂತ್ರಿಗಳ ಬಾಗಿಲು ಕಾಯುವ ಜವಾನರಾಗಿದ್ದರು. ಐವತ್ತೇಳರ ಮಾರ್ಚ್‌ನಿಂದ ಅರವತ್ತೆಂಟರೊಳಗೆ ಏಳು ಮಂತ್ರಿಗಳನ್ನು ಕಂಡರು. ಮುಖ ಮಾತ್ರ ಐದು. ಇಬ್ಬರು ಎರಡೆರಡು ಸಲ ಬಂದರು.

ನಾನು ಊರಲ್ಲಿ, ಸುಲ್ಮೋನಾದಲ್ಲಿ ಇದ್ದೆ. ಅತ್ತೆಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಅವರನ್ನು ಬಿಟ್ಟು ಹೋಗುವಂತಿರಲಿಲ್ಲ, ಹೊತ್ತು ಒಯ್ಯುವಂತೆಯೂ ಇರಲಿಲ್ಲ. ಯಜಮಾನರು ಶನಿವಾರ ಮಧ್ಯಾಹ್ನದ ರೈಲಿಗೆ ಬಂದು ಭಾನುವಾರ ಸಂಜೆ ಹೊರಟುಬಿಡುತ್ತಿದ್ದರು. ಅಷ್ಟೇ ನಮ್ಮ ಸಂಸಾರ. ಅದೇ ಇಲಾಖೆಯ ಸಣ್ಣ ಕಚೇರಿ ಸುಲ್ಮೋನಾದಲ್ಲೇ ಇತ್ತು, ಅಲ್ಲಿ ಜವಾನನ ಜಾಗವೂ ಖಾಲಿಯಿತ್ತು. ವರ್ಗವಾಗಿ ಬರಲು ಬೇಕಾದದ್ದು ಮಂತ್ರಿಯ ಒಂದು ಸಹಿ.

ಹೊಸ ಮಂತ್ರಿ ಬಂದಾಗಲೆಲ್ಲ ಇವರು ಅರ್ಜಿ ಇಡುತ್ತಿದ್ದರು. ಉತ್ತರ ಒಂದೇ.

"ಈಗ್ಲೇ ಹೊರಟ್ರೆ ಹೇಗಯ್ಯಾ? ಯಾವ ಬಾಗಿಲು ಎಲ್ಲಿಗೆ ಹೋಗುತ್ತೆ ಅಂತ್ಲೇ ನಂಗಿನ್ನೂ ಗೊತ್ತಿಲ್ಲ. ಸ್ವಲ್ಪ ಪಳಗ್ತೀನಿ, ಇರು."

ಮಂತ್ರಿ ಪಳಗುವ ಹೊತ್ತಿಗೆ, ಕೂಡಿ ಸರ್ಕಾರ ನಡೆಸುತ್ತಿದ್ದ ಮೂರು ಪಕ್ಷಗಳಲ್ಲಿ ಒಂದು ಮುನಿಸಿಕೊಂಡು ಎದ್ದು ಹೋಗುತ್ತಿತ್ತು. ಸರ್ಕಾರ ರಾಜೀನಾಮೆ ಕೊಡುತ್ತಿತ್ತು. ರಾಜೀನಾಮೆ ಕೊಟ್ಟ ಮಂತ್ರಿ ಹೊಸಬರು ಬರುವವರೆಗೆ ಕುರ್ಚಿಯಲ್ಲೇ ಕೂತಿರುತ್ತಾರೆ, ಆದರೆ ದಿನನಿತ್ಯದ ಕೆಲಸಕ್ಕೆ ಮಾತ್ರ ಸಹಿ ಹಾಕಬಹುದು.

ಐದನೆಯವರು ರಾಜೀನಾಮೆ ಕೊಟ್ಟ ಮಾರನೆಯ ದಿನ ಇವರು ಕಾಫಿ ತಟ್ಟೆಯ ಮೇಲೆಯೇ ಅರ್ಜಿಯನ್ನೂ ಇಟ್ಟುಕೊಂಡು ಹೋಗಿ ಕೇಳಿದರು: "ಸ್ವಾಮೀ, ಜವಾನ ಮನೆಗೆ ಹೋಗೋದು ದಿನನಿತ್ಯದ ಕೆಲ್ಸ ಅಲ್ವೇ?"

ಮಂತ್ರಿ ನಕ್ಕರು, ಪೆನ್ನಿನ ಮುಚ್ಚಳ ತೆಗೆದರು. ಉಪಮಂತ್ರಿಗಳಿಬ್ಬರು ಎದುರಿಗೇ ಕೂತಿದ್ದರು. ಇಬ್ಬರದೂ ಬೇರೆ ಬೇರೆ ಪಕ್ಷ.

"ತಡೀರಿ," ಎಂದರು ಒಬ್ಬರು. "ಈತ ಹೋದ್ರೆ ಆ ಬಾಗಿಲಿಗೆ ಯಾರು? ನಿಮ್ಮ ಪಕ್ಷದೋನಾ?"

"ಜವಾನ ಕಣ್ರೀ, ರಾಯಭಾರಿ ಅಲ್ಲ!" ಎಂದರು ಮಂತ್ರಿ.

"ನಿಮ್ಮ ಹತ್ರ ಯಾರು ಬಂದ್ರು, ಎಷ್ಟೊತ್ತು ಕೂತ್ರು ಅಂತ ರಾಯಭಾರಿಗೆ ಗೊತ್ತಾಗಲ್ಲ. ಜವಾನಂಗೆ ಗೊತ್ತಾಗುತ್ತೆ."

ಇನ್ನೊಬ್ಬರು ಪುಟ್ಟ ಪಕ್ಷದವರು. "ಹಂಗಾದ್ರೆ ನಮ್ಮೋನು ಬರ್ಲಿ. ಈ ಮಹಡೀಲಿ ನಮಗೆ ಒಂದು ಸ್ಟೂಲೂ ಕೊಟ್ಟಿಲ್ಲ ನೀವು."

ಮಂತ್ರಿ ಪೆನ್ನಿಗೆ ಮುಚ್ಚಳ ಹಾಕಿದರು. "ನೋಡಿದ್ಯಲ್ಲಪ್ಪ, ಎವಾರಿಸ್ತೊ. ನೀನು ಯಾವ ಪಕ್ಷಕ್ಕೂ ಸೇರಿಲ್ಲ. ಈ ಕಟ್ಟಡದಲ್ಲಿ ಮೂರೂ ಪಕ್ಷ ಒಪ್ಪಿರೋದು ನಿನ್ನೊಬ್ಬನ್ನೇ."

ಶನಿವಾರ ಊಟಕ್ಕೆ ಕೂತಾಗ ಇವರು ಇದನ್ನು ಹೇಳಿದರು. ಅತ್ತೆ ಮಂಚದಿಂದಲೇ ಕೂಗಿದರು: "ಹಂಗಿದ್ರೆ ಒಂದು ಪಕ್ಷ ಸೇರ್ಕೊಳೋ ಪೆದ್ದ! ಉಳಿದೋರು ಒದ್ದು ಓಡಿಸ್ತಾರೆ, ಸೀದಾ ನನ್ನ ಹತ್ರ ಬಂದು ಬೀಳ್ತೀಯ."

ಮೂವರಿಗೂ ಅದು ಸರಿಯೆನಿಸಿತು. ಅದೇ ನಾವು ಮಾಡಿದ ತಪ್ಪು. ಪುಟ್ಟ ಪಕ್ಷ ಸೇರಿದರೆ ದೊಡ್ಡ ಪಕ್ಷಗಳೆರಡೂ ಸಿಟ್ಟಾಗುತ್ತವೆಂದು ಯೋಚಿಸಿ ಇವರು ಅದರ ಸದಸ್ಯತ್ವದ ಕಾರ್ಡು ಮಾಡಿಸಿದರು. ಕೋಟಿನ ಜೇಬಿನಿಂದ ಅರ್ಧ ಕಾಣುವಂತೆ ಇಟ್ಟುಕೊಂಡು ಬಾಗಿಲಲ್ಲಿ ಕೂತರು.

ಆದರೆ ಆರನೆಯ ಮಂತ್ರಿ ಬಂದಾಗ ಸರ್ಕಾರ ನಿಂತದ್ದೇ ಆ ಪುಟ್ಟ ಪಕ್ಷದ ನಾಲ್ಕು ಓಟಿನ ಮೇಲೆ. ಇವರನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಆ ಪಕ್ಷದ ಉಪಮಂತ್ರಿ ಕಚೇರಿಯ ಹಜಾರದಲ್ಲೇ ಇವರನ್ನು ತಬ್ಬಿಕೊಂಡರಂತೆ. "ಮೂರು ತಿಂಗಳು ಜಗ್ಗಾಡಿದ್ರೂ ಸಿಗದ ಜಾಗ ಕಣೋ ಇದು! ಅಲ್ಲಾಡ್ಬೇಡ ಅಲ್ಲಿಂದ."

"ಕಾರ್ಡು ವಾಪಸ್ ಕೊಟ್ಬಿಡ್ರೀ," ಎಂದೆ ನಾನು.

"ಕೊಟ್ರೆ ಅವರಿಗೆ ಅವಮಾನ ಆಗುತ್ತಂತೆ ಕಣೇ. ಸರ್ಕಾರ ಬೀಳುತ್ತಂತೆ."

ಇಬ್ಬರಿಗೂ ನಗು ಬಂತು. ಸ್ವಲ್ಪ ಹೊತ್ತು ನಕ್ಕೆವು. ಆಮೇಲೆ ಅವರು ಕಾರ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಅರವತ್ತೆಂಟರಲ್ಲಿ ಅತ್ತೆಗೆ ಕಾಯಿಲೆ ಜೋರಾಯಿತು. ನಡು ವಾರದಲ್ಲೂ ಮಗನನ್ನು ಕೇಳುತ್ತಿದ್ದರು. ಏಳನೆಯ ಮಂತ್ರಿಗೆ ಅರ್ಜಿ ಓದಲು ಪುರುಸೊತ್ತಿಲ್ಲ. ಆಗ ಇವರು, ಭೇಟಿಗೆ ಬಂದವರು ತುಂಬಿ ಕೊಡುವ ಚೀಟಿಯನ್ನು ತಾವೇ ತುಂಬಿದರು. ಹೆಸರಿನ ಜಾಗದಲ್ಲಿ ನಮ್ಮ ಮನೆತನದ ಹೆಸರು: ದಿ ಚೆಂಚೊ. ವಿಷಯ: ತಾಯಿ. ಬಂದವರ ಬೆಂಚಿನ ಮೇಲೆ ಕೂತರು. ಮುಂದಿದ್ದ ಮೂವರನ್ನು ಒಬ್ಬೊಬ್ಬರಾಗಿ ಎದ್ದು ಒಳಗೆ ಬಿಟ್ಟು, ಮತ್ತೆ ಬಂದು ಕೂತು, ಕೊನೆಗೆ ತಮ್ಮ ಚೀಟಿ ಒಯ್ದರು.

"ದಿ ಚೆಂಚೊ ಅಂದ್ರೆ ಯಾರು? ಕಳ್ಸು ಒಳಗೆ," ಎಂದರು ಮಂತ್ರಿ.

"ನಾನೇ ಸ್ವಾಮೀ. ಬಂದಿದ್ದೀನಿ."

ಮಂತ್ರಿ ನಗಲಿಲ್ಲ. ಚೀಟಿಯನ್ನು ಎರಡು ಸಲ ಓದಿ, "ಅರ್ಜಿ ಕೊಡು," ಎಂದರು. ಇವರು ಕೊಟ್ಟರು. ಅಷ್ಟರಲ್ಲಿ ಹೊರಗೆ ಗದ್ದಲವಾಯಿತು. ಮೂರೂ ಪಕ್ಷದವರು ಒಟ್ಟಿಗೆ ಬಂದಿದ್ದರು.

"ಮೊದ್ಲು ಅವರನ್ನ ಕರಿ, ಎವಾರಿಸ್ತೊ. ಇದು ಇಲ್ಲೇ ಇರ್ಲಿ."

ಕರೆಯುವುದು ಇವರ ಕೆಲಸ, ಕರೆದರು. ಎರಡು ಗಂಟೆ ಕಳೆದು ಬಾಗಿಲು ತೆರೆದಾಗ ಮಂತ್ರಿ ರಾಜೀನಾಮೆ ಕೊಡುವುದೆಂದು ತೀರ್ಮಾನವಾಗಿತ್ತು.

ಅತ್ತೆ ಆ ತಿಂಗಳೇ ತೀರಿಕೊಂಡರು, ಒಂದು ಬುಧವಾರ. ಇವರು ಗುರುವಾರ ಬಂದರು.

ಆಮೇಲೆ ವರ್ಗ ಯಾರಿಗೆ ಬೇಕಿತ್ತು? ನಾನೇ ರೋಮಿಗೆ ಹೋದೆ. ಇವರ ಬಾಡಿಗೆ ಕೋಣೆ ಎಷ್ಟು ಚಿಕ್ಕದೆಂದರೆ, ಒಬ್ಬರು ಬಟ್ಟೆ ಹಾಕಿಕೊಳ್ಳುವಾಗ ಇನ್ನೊಬ್ಬರು ಮಂಚದ ಮೇಲೆ ಕಾಲು ಮಡಚಿ ಕೂರಬೇಕು. ಇವರು ಸಚಿವಾಲಯಕ್ಕೆ ಹೋಗಲು ಕೋಟು ಹಾಕಿಕೊಳ್ಳುವಾಗ ನಾನು ಹಾಗೆ ಕೂತೆ, ಹದಿನಾಲ್ಕು ವರ್ಷ.