ಶಿವಶರಣಪ್ಪನವರ ಬ್ಯಾಗಿನಲ್ಲಿ ಒಂದು ಜೊತೆ ಚಪ್ಪಲಿ

ಪಟಾನ್‌ಚೆರುವಿನ ನಮ್ಮ ಔಷಧಿ ಕಾರ್ಖಾನೆಯಿಂದ ಹೊರಡುವಾಗ ಗೇಟಿನಲ್ಲಿ ಬ್ಯಾಗು ತೆರೆದು ತೋರಿಸಬೇಕು. ಮೊನ್ನೆ ಸಂಜೆ ಹೊಸ ಗಾರ್ಡು ನನ್ನ ಬ್ಯಾಗನ್ನು ಮೇಜಿನ ಮೇಲೆ ಬೋರಲು ಹಾಕಿದ. ಊಟದ ಡಬ್ಬಿ, ಬಿಪಿ ಮಾತ್ರೆಯ ಜೊತೆ ಒಂದು ಬಾಚಣಿಗೆಯೂ ಬಿತ್ತು. ಅವನು ಬಾಚಣಿಗೆ ನೋಡಿದ, ಆಮೇಲೆ ನನ್ನ ತಲೆ ನೋಡಿದ. ಹತ್ತು ವರ್ಷದಿಂದ ಅಲ್ಲಿ ಬಾಚುವಂಥದ್ದೇನೂ ಉಳಿದಿಲ್ಲ. ಸಾಲಿಗೆ ಸಾಲೇ ನಕ್ಕಿತು.

ನನ್ನ ಹಿಂದಿದ್ದ ಪ್ಯಾಕಿಂಗ್ ವಿಭಾಗದ ಶಿವಶರಣಪ್ಪ ಮಾತ್ರ ನಗಲಿಲ್ಲ. ಬೀದರ್ ಕಡೆಯವರು. ಅವರ ಹೆಂಡತಿ ಅಂಬವ್ವ ಜಾರಿಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿ ಇಪ್ಪತ್ಮೂರು ದಿನವಾಗಿತ್ತು. ಇನ್ನೂ ಕಣ್ಣು ತೆರೆದಿರಲಿಲ್ಲ. ಇವರು ಒಂದು ದಿನವೂ ರಜೆ ಹಾಕದೆ, ಸಂಜೆ ಗೇಟಿನಿಂದ ನೇರ ಅಲ್ಲಿಗೇ ಹೋಗುತ್ತಿದ್ದರು.

ಅವರ ಬ್ಯಾಗಿನಿಂದ ಆಸ್ಪತ್ರೆಯ ಫೈಲು ಬಂತು. ತೆಲುಗು ಪೇಪರಿನಲ್ಲಿ ಸುತ್ತಿದ, ಹೆಬ್ಬೆರಳಿನ ಅಚ್ಚು ಬಿದ್ದ ಹೆಂಗಸರ ಚಪ್ಪಲಿ ಬಂದವು.

“ಆಂಟೀ ಕೇ ಚಪ್ಪಲಾಂ ಹೈ ಕ್ಯಾ, ಅಂಕಲ್?” ಗಾರ್ಡು ಹಲ್ಲುಕಿರಿದ.

“ಹೌ,” ಎಂದು ಶಿವಶರಣಪ್ಪ ಅವನ್ನು ಮತ್ತೆ ಪೇಪರಿನಲ್ಲಿ ಸುತ್ತಿದರು.

ಬಸ್ಸಿನಲ್ಲಿ ಅವರ ಪಕ್ಕ ಕೂತ ನಾನು ಸುಮ್ಮನಿರಲಾರದೆ ಕೇಳಿದೆ. “ಶರಣಪ್ಪಾರ, ವೈನಿಯವ್ರು ಇನ್ನೂ ಕಣ್ಣೇ ತೆರೆದಿಲ್ಲ ಅಂತೀರಿ. ಚಪ್ಪಲಿ ಯಾಕ ದಿನಾ ಹೊತ್ಕೊಂಡು ಅಡ್ಡಾಡ್ತೀರಿ?”

ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: “ಅಕಿ ಎದ್ದ ದಿನ, ಮನಿಗೆ ಹೋಗಿ ತರಬೇಕಂದ್ರ ಎರಡು ಬಸ್ ಬದಲಿ ಮಾಡಬೇಕಾಗ್ತೈತ್ರಿ.”